ಚನ್ನಮಲ್ಲಪ್ಪನನ್ನು ಕೂರಿಸಿದ್ದು

ಇಬ್ಬರು ಸೇರಿ ಅದುಮಿದರೂ ಚನ್ನಮಲ್ಲಪ್ಪನ ಮಂಡಿ ಮಡಚಲಿಲ್ಲ. ಬಲಗಾಲನ್ನು ಮಗ ಶಿವಯೋಗಿ ಹಿಡಿದಿದ್ದ, ಎಡಗಾಲನ್ನು ಎದುರುಮನೆಯ ಗಿರಿರಾಜ್. ಗಾಜಿನ ಫ್ರೀಜರ್ ಪೆಟ್ಟಿಗೆಯ ಮುಚ್ಚಳ ಗೋಡೆಗೆ ಒರಗಿತ್ತು. ಪೆಟ್ಟಿಗೆಯ ಮೋಟಾರು ಇನ್ನೂ ಗುಂಯ್‌ಗುಡುತ್ತಿತ್ತು. ಬೆಳಗಿನ ಒಂಬತ್ತು ಗಂಟೆಯ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಿದ್ದರೂ ಶಿವಯೋಗಿಯ ಬೆರಳುಗಳು ಚಳಿಗೆ ಮರಗಟ್ಟಿದ್ದವು.

"ಇನ್ನೊಂಚೂರು ಜೋರಾಗಿ ಒತ್ತೋಣ್ವಾ ಗುರು?" ಎಂದ ಗಿರಿರಾಜ್.

"ಬೇಡ ಕಣೋ. ಮುರಿದುಹೋದ್ರೆ?"

ಬಾಗಿಲಲ್ಲಿ ನಿಂತಿದ್ದ ಕಲ್ಯಾಣಮ್ಮ ಬಾಯಿಗೆ ಒತ್ತಿಕೊಂಡಿದ್ದ ಸೆರಗನ್ನು ತೆಗೆದರು. ಅವರು ಸತ್ತವನ ಅಕ್ಕ. ಹೊಸದುರ್ಗದಿಂದ ನಸುಕಿನ ಬಸ್ಸು ಹಿಡಿದು ಆಗಷ್ಟೇ ಬಂದಿಳಿದಿದ್ದರು.

"ನಮ್ಮೋರನ್ನ ಯಾರಾದ್ರೂ ಮಲಗಿಸ್ತಾರೇನೋ ಶಿವಯೋಗಿ? ಕೂತೇ ಜೀವ ಬಿಟ್ಟೋನನ್ನ ಎತ್ತಿ ಮಲಗಿಸಿ ಐಸ್ ಪೆಟ್ಟಿಗೇಲಿ ಇಟ್ಟಿದೀಯಲ್ಲೋ! ಮೀನೇನೋ ನನ್ನ ತಮ್ಮ?"

ಲಿಂಗಾಯತರ ಮನೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ ಎಂಬುದು ಶಿವಯೋಗಿಗೆ ಗೊತ್ತಿರದ ಸಂಗತಿಯೇನಲ್ಲ. ಮೈ ಬಿಸಿ ಆರುವ ಮೊದಲೇ ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ, ಬಟ್ಟೆಯಿಂದ ಕಟ್ಟಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಡಬೇಕು. ಮಣ್ಣಿಗೆ ಹೋಗುವುದೂ ಕೂತೇ. ಅಜ್ಜನನ್ನು ಹಾಗೆ ಕಳಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಗೊತ್ತಿದ್ದದ್ದೆಲ್ಲ ಹೊತ್ತಿಗೆ ಒದಗುವುದಿಲ್ಲ.

ಹಿಂದಿನ ಸಂಜೆ ಆರು ಗಂಟೆಗೆ ಚನ್ನಮಲ್ಲಪ್ಪ ಕೆಲಸದಿಂದ ಬಂದು, ಹೊಸ್ತಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ. ಒಂದು ಬೂಟು ಬಿಚ್ಚಿಯಾಗಿತ್ತು. ನೀರಿನ ಲೋಟ ಹಿಡಿದು ಬಂದ ಹೆಂಡತಿ ದಾನಮ್ಮ ಎರಡು ಮೂರು ಮಾತಾಡಿ, ಉತ್ತರ ಬರದಿದ್ದಾಗ ಭುಜ ಮುಟ್ಟಿದಳು. ಮುಟ್ಟಿದವಳು ಅಲ್ಲೇ ಕುಸಿದಳು. ಬಂದ ಡಾಕ್ಟರು ಗಂಡನಿಗೆ ಸರ್ಟಿಫಿಕೇಟು ಬರೆದು, ಹೆಂಡತಿಗೆ ನಿದ್ದೆಯ ಇಂಜೆಕ್ಷನ್ ಕೊಟ್ಟು ಹೋದರು. ಆ ಗಲ್ಲಿಯಲ್ಲಿ ಅವರ ಪೈಕಿಯ ಹಿರಿಯರು ಒಬ್ಬರೂ ಇರಲಿಲ್ಲ. ಸೊಲ್ಲಾಪುರದಲ್ಲಿದ್ದ ತಂಗಿ ಶಿಲ್ಪಾ ಫೋನಿನಲ್ಲಿ, "ನಾನು ನಾಳೆ ಮಧ್ಯಾಹ್ನ ಬರ್ತೀನಿ, ಅಪ್ಪನ ಮುಖ ತೋರಿಸ್ದೆ ತಗೊಂಡೋಗ್ಬೇಡ ಅಣ್ಣಾ" ಎಂದು ಅತ್ತಳು. ಬೆಂಗಳೂರಿನಲ್ಲಿ ಸಾವಿಗೂ ಒಂದು ಫೋನ್ ನಂಬರ್ ಇರುತ್ತದೆ. ಗಿರಿರಾಜನ ಮೊಬೈಲಿನಲ್ಲಿ ಅದು ಇತ್ತು. ಗೋವಿಂದರಾಜನಗರದ ಆ ಬೀದಿಯಲ್ಲಿ ಹಿಂದಿನ ಮೂರು ಸಾವಿಗೂ ಅದೇ ಪೆಟ್ಟಿಗೆ ಬಂದಿತ್ತು. ತಂದವನು ಚಳಿ ಹೆಚ್ಚಿಸುವ ಗುಂಡಿ ನಡುವಿನಲ್ಲಿ ಇರಲಿ ಎಂದು ಹೇಳಿ ಹೋದ. ಶಿವಯೋಗಿ, ಅಪ್ಪ ಕೆಡಬಾರದು ಎಂದು, ಅದನ್ನು ಕೊನೆಯವರೆಗೂ ತಿರುಗಿಸಿದ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ದುಃಖದಲ್ಲಿದ್ದವನಿಗೆ ಅಷ್ಟೂ ಇರುವುದಿಲ್ಲ.

ಹತ್ತಕ್ಕೆ ಸ್ವಲ್ಪ ಮುಂಚೆ ಗುರುಸಿದ್ದಯ್ಯನವರು ಬಂದರು. ವಿಜಯನಗರದ ಕಡೆ ಲಿಂಗಾಯತರ ಮನೆಗಳಲ್ಲಿ ಮದುವೆ, ಸಾವು, ದೀಕ್ಷೆ ಎಲ್ಲಕ್ಕೂ ಬರುತ್ತಿದ್ದ ಜಂಗಮರು, ಎಪ್ಪತ್ತು ದಾಟಿದವರು. ಪೆಟ್ಟಿಗೆ ನೋಡಿದರು, ಹೆಣದ ಕಾಲು ಮುಟ್ಟಿ ನೋಡಿದರು, ನಿಟ್ಟುಸಿರು ಬಿಟ್ಟು ಚಾಪೆಯ ಮೇಲೆ ಕೂತರು.

"ಇತ್ತೀಚೆಗೆ ಇದು ಎರಡನೇ ಮನೆ. ಏನ್ಮಾಡೋದು, ಕಾಲ ಹಂಗಿದೆ."

"ಆ ಮನೇಲಿ ಏನ್ಮಾಡಿದ್ರಿ ಅಯ್ಯನೋರೇ?" ಎಂದ ಶಿವಯೋಗಿ.

"ಮಲಗಿಸಿಯೇ ಮಣ್ಣು ಮಾಡಿದ್ವಿ. ಶಿವ ಏನು ಮಂಡಿ ಅಳೆದು ಒಳಗೆ ಬಿಟ್ಕೊಳ್ಳೋದಿಲ್ಲ ಮಗಾ. ಆಗ್ದೆ ಹೋದ್ರೆ ಹಂಗೇ ಮಾಡೋಣ."

ಒಳಕೋಣೆಯಿಂದ ದಾನಮ್ಮ ಎದ್ದು ಬಂದಳು. ಇಂಜೆಕ್ಷನ್ನಿನ ಮಂಪರು ಅವಳ ಕಣ್ಣಿನಿಂದ ಇನ್ನೂ ಇಳಿದಿರಲಿಲ್ಲ. ಗೋಡೆ ಹಿಡಿದುಕೊಂಡೇ ಮಾತಾಡಿದಳು.

"ಹಂಗೆ ಮಾಡ್ಬೇಡಿ ಬುದ್ಧಿ. ಇಪ್ಪತ್ತೆರಡು ವರ್ಷ ಆ ಮಷೀನ್ ಮುಂದೆ ನಿಂತೇ ಇದ್ದೋರು. ಕಾಲಲ್ಲಿ ನರ ಹಗ್ಗದಂಗೆ ಗಂಟು ಕಟ್ಟಿತ್ತು. ಕೂತ್ಕೊಳ್ರೀ ಅಂದ್ರೆ ಕೂರ್ತಿರ್ಲಿಲ್ಲ. ನಿನ್ನೆ ಕೂತ್ರು, ಕೂತಿದ್ದೂ ಒಂದು ನಿಮಿಷ. ಕೂರಿಸಿ ಕಳಿಸ್ಕೊಡಿ. ನನಗೆ ಇನ್ನೇನೂ ಬೇಡ, ಇದೊಂದು ಮಾಡಿ."

ಶಿವಯೋಗಿ ತಾಯಿಯ ಮುಖ ನೋಡಲಾರದೆ ಮೋಟಾರಿನ ಸ್ವಿಚ್ಚು ಆರಿಸಿದ. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಹಂಡೆಗಟ್ಟಲೆ ಬಿಸಿನೀರು ಹುಯ್ಯೋಣ ಎಂದಳು ಪಕ್ಕದ ಮನೆಯ ಕೋಕಿಲಾ. ಊರಿನಿಂದ ನಾಲ್ಕು ಜನ ಗಟ್ಟಿ ಆಳು ಬಂದಿದ್ದರೆ ಇಷ್ಟೊತ್ತಿಗೆ ಕೂರಿಸಿರುತ್ತಿದ್ದರು ಎಂದರು ಕಲ್ಯಾಣಮ್ಮ. ಗಿರಿರಾಜ್ ಕೂದಲು ಒಣಗಿಸುವ ಮಷೀನು ತರಲು ಮನೆಗೆ ಓಡಿದ.

ಆಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವನು ಚಿಕ್ಕಮುನಿಯಪ್ಪ. ಕಾರ್ಖಾನೆಯ ಬಿಳಿ ಯೂನಿಫಾರ್ಮಿನಲ್ಲೇ ಇದ್ದ. ಕೆಂಗೇರಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದ. ಚನ್ನಮಲ್ಲಪ್ಪನ ಜೊತೆ ಇಪ್ಪತ್ತೆಂಟು ವರ್ಷ ಒಂದೇ ಮಷೀನು ನೋಡಿಕೊಂಡವನು. ಗೆಳೆಯನ ಮುಖವನ್ನು ಒಂದು ನಿಮಿಷ ನೋಡಿದ. ಆಮೇಲೆ ಅವನು ಕೇಳಿದ ಮೊದಲ ಮಾತು ಇದು:

"ಎಷ್ಟು ಡಿಗ್ರಿಗೆ ಇಟ್ಟಿದ್ರಿ?"

"ಗೊತ್ತಿಲ್ಲ ಅಂಕಲ್. ಪೂರ್ತಿ ತಿರುಗಿಸಿಬಿಟ್ಟಿದ್ದೆ."

"ಯಾವಾಗಿಂದ?"

"ನಿನ್ನೆ ಎಂಟರಿಂದ."

ಚಿಕ್ಕಮುನಿಯಪ್ಪ ಮೊಣಕಾಲೂರಿ ಕೂತು, ಅಂಗೈಯ ಹಿಂಬದಿಯಿಂದ ಹೆಣದ ಹಿಮ್ಮಡಿ, ಮಂಡಿ, ತೊಡೆ, ಹೊಟ್ಟೆ, ಭುಜ ಹೀಗೆ ಒಂದೊಂದೇ ಮುಟ್ಟಿ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಬಿಸಿನೀರು ಬೇಡ. ಹೊರಗೆ ಬಿಸಿ ಆಗುತ್ತೆ, ಒಳಗೆ ಹಂಗೇ ಇರುತ್ತೆ. ಚರ್ಮ ಕಿತ್ಕೊಂಡು ಬರುತ್ತೆ ಅಷ್ಟೇ. ಯಾರೂ ಒತ್ತಬೇಡಿ. ಪೆಟ್ಟಿಗೆಯಿಂದ ಈಚೆ ತೆಗೆದು ಕಂಬಳಿ ಮೇಲೆ ಮಲಗಿಸಿ, ಕಿಟಕಿ ತೆಗೀರಿ. ಮೈ ಮೇಲೆ ನೀರು ಕೂರುತ್ತೆ, ಒಣಬಟ್ಟೇಲಿ ಒರೆಸ್ತಾ ಇರೋಣ. ತಾನಾಗೇ ಬಿಡುತ್ತೆ."

"ಎಷ್ಟೊತ್ತಿಗೆ?"

"ಅದು ನಾನು ಹೇಳಕ್ಕಾಗಲ್ಲ ಕಣಪ್ಪ. ಬಾಟ್ಲಿ ಆದ್ರೆ ಹೇಳ್ತಿದ್ದೆ. ಮನುಷ್ಯರನ್ನ ನಾನು ಮಾಡಿಲ್ಲ."

ಕಲ್ಯಾಣಮ್ಮ ದಾನಮ್ಮನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಇವರು ಯಾವ ಪೈಕಿ? ಮೈ ಮುಟ್ತಾ ಇದಾರಲ್ಲ" ಎಂದರು.

"ಅವರ ಮನೆ ಸೊಪ್ಪಿನಸಾರಲ್ಲಿ ಇಪ್ಪತ್ತೆಂಟು ವರ್ಷ ಮುದ್ದೆ ಉಂಡಿದಾರೆ ನಿಮ್ಮ ತಮ್ಮ," ಎಂದಳು ದಾನಮ್ಮ. "ಈಗ ಯಾಕೆ ಅತ್ತಿಗೆ?"

ಗುರುಸಿದ್ದಯ್ಯನವರು ಎರಡೂ ಕಡೆ ಕೇಳಿಸಿಕೊಂಡು ತಮ್ಮ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು. "ಬನ್ನಿ, ಕೂತ್ಕೊಳ್ಳಿ. ನೀವು ಹೇಳಿದಂಗೇ ಆಗ್ಲಿ."

*

ಕೆಂಗೇರಿಯ ಆಚೆ, ಮೈಸೂರು ರಸ್ತೆಯಿಂದ ಒಳಕ್ಕೆ, ಹಾವಿನ ವಿಷಕ್ಕೆ ಮದ್ದು ಮಾಡುವ ಕಾರ್ಖಾನೆಯಿತ್ತು. ಅಲ್ಲಿ ಕುದುರೆಗಳಿಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚಿ, ವಿಷವನ್ನು ಎದುರಿಸುವ ಶಕ್ತಿ ಅವುಗಳ ರಕ್ತದಲ್ಲಿ ಹುಟ್ಟಿದ ಮೇಲೆ ಆ ರಕ್ತ ತೆಗೆದು, ಸೋಸಿ, ತಿಳಿಯನ್ನು ಪುಟ್ಟ ಬಾಟಲಿಗಳಿಗೆ ತುಂಬುತ್ತಿದ್ದರು. ದ್ರವವಾಗಿಯೇ ಇಟ್ಟರೆ ಅದಕ್ಕೆ ಫ್ರಿಜ್ ಬೇಕು. ಹಾವು ಕಚ್ಚುವ ಊರುಗಳಲ್ಲಿ ಕರೆಂಟೇ ನೆಟ್ಟಗಿರುವುದಿಲ್ಲ. ಆದ್ದರಿಂದ ಒಣಗಿಸಬೇಕು. ಒಲೆಯಲ್ಲಿ ಒಣಗಿಸಿದರೆ ಮದ್ದು ಬೆಂದುಹೋಗುತ್ತದೆ. ಆದ್ದರಿಂದ ಚಳಿಯಲ್ಲಿ ಒಣಗಿಸಬೇಕು.

ಚಿಕ್ಕಮುನಿಯಪ್ಪ ಹೊಸದಾಗಿ ಕೆಲಸಕ್ಕೆ ಸೇರಿದಾಗ ಇದನ್ನು ಅವನಿಗೆ ಬಿಡಿಸಿ ಹೇಳಿದವನು ಚನ್ನಮಲ್ಲಪ್ಪ. ಮಷೀನಿನ ದಪ್ಪ ಗಾಜಿನ ಕಿಂಡಿಗೆ ಟಾರ್ಚು ಹಿಡಿದು ತೋರಿಸಿದ್ದ. ಒಳಗೆ ತಟ್ಟೆಗಳ ಮೇಲೆ ಸಾವಿರಾರು ಬಾಟಲಿ, ಒಳಗಿನ ಮದ್ದೆಲ್ಲ ಹೆಪ್ಪುಗಟ್ಟಿ ಕಲ್ಲು.

"ಈಗ ಒಳಗಿನ ಗಾಳಿಯೆಲ್ಲ ಎಳೆದುಬಿಡ್ತೀವಿ. ಆಮೇಲೆ ತಟ್ಟೆಗೆ ಒಂಚೂರೇ ಒಂಚೂರು ಶಾಖ. ಐಸು ನೀರಾಗ್ದೆ ಹಂಗೇ ಆವಿ ಆಗಿ ಹೋಗುತ್ತೆ."

"ನೀರಾಗ್ದೆ ಹೆಂಗಣ್ಣ ಹೋಗುತ್ತೆ?"

"ಡಬ್ಬೀಲಿಟ್ಟ ಕರ್ಪೂರ ಹೆಂಗೆ ಹೋಗುತ್ತೆ? ಕರಗುತ್ತಾ? ಸವೆದೋಗುತ್ತೆ. ಹಂಗೆ."

"ನೀರು ಹೋದ್ರೆ ಮದ್ದು ಮುದುರಿಕೊಳ್ಳಲ್ವಾ?"

"ಅದಕ್ಕೇ ಮೊದಲೇ ಸಕ್ಕರೆ ಬೆರೆಸಿರ್ತಾರೆ. ನೀರು ಎದ್ದೋದ ಜಾಗದಲ್ಲಿ ಸಕ್ಕರೆ ಕೂತ್ಕೊಂಡು ಮದ್ದನ್ನ ಹಿಡ್ಕೊಳ್ಳುತ್ತೆ. ಮೂರು ದಿನ ಬೇಕು. ನಿನಗೆ ಬೇಜಾರಾಯ್ತು ಅಂತ ಎರಡನೇ ದಿನಕ್ಕೆ ಶಾಖ ಏರಿಸಿದ್ಯೋ, ಕುಸಿದು ಅಂಟಾಗುತ್ತೆ. ಕಸಕ್ಕೆ."

ಮೂರು ದಿನದ ಕೊನೆಗೆ ಬಾಟಲಿಯಲ್ಲಿ ಉಳಿಯುವುದು ಬಿಳಿಯ ಹಗುರವಾದ ಬಿಲ್ಲೆ. ಅಲುಗಾಡಿಸಿದರೆ ಟಕ್ಕೆನ್ನುತ್ತದೆ. ಆ ಸದ್ದು ಕೇಳಲು ಚನ್ನಮಲ್ಲಪ್ಪ ಮೂರು ದಿನವೂ ಕಾಯುತ್ತಿದ್ದ. ಪಾಳಿ ಮುಗಿದರೂ, ಮುಂದಿನವನು ಬರುವುದು ತಡವಾದರೆ ಕಾಯುತ್ತಿದ್ದ. ಬಂದ ಮೇಲೂ ಅರ್ಧ ಗಂಟೆ ನಿಂತು, ಶಾಖ ದಾಖಲಿಸುವ ಕಾಗದದ ಪಟ್ಟಿಯ ಮೇಲೆ ಮುಳ್ಳು ಗೀಚುವ ಗೆರೆ ನೆಟ್ಟಗಿದೆಯೇ ನೋಡಿ ಹೊರಡುತ್ತಿದ್ದ. ಮನೆಯಲ್ಲಿ 'ತಾಳಿದವನು ಬಾಳಿಯಾನು' ಎಂದು ಗಂಡನನ್ನು ಅಣಕಿಸುತ್ತ ದಾನಮ್ಮ ಎಷ್ಟೋ ಸಂಜೆ ಒಬ್ಬಳೇ ಉಂಡಳು. ಮಗನ ಶಾಲೆಯ ಓಟದ ಪಂದ್ಯಕ್ಕೆ ಅವನು ಬಂದಾಗ ಮೈದಾನದಲ್ಲಿ ಸುಣ್ಣದ ಗೆರೆ ಮಾತ್ರ ಉಳಿದಿತ್ತು. ಮಗಳ ಮದುವೆಗೆ ಬಂದಾಗ ಧಾರೆಗೆ ಹತ್ತು ನಿಮಿಷ ಬಾಕಿ. ಶಿವಯೋಗಿ ಬೆಳೆದು ಡ್ರಿಲ್ ಮೇಷ್ಟ್ರಾದ. ಕತ್ತಿನಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು. ಒಂದು ನಿಮಿಷ ತಡವಾಗಿ ಬಂದ ಹುಡುಗನನ್ನೂ ಅವನು ಸಾಲಿಗೆ ಸೇರಿಸುತ್ತಿರಲಿಲ್ಲ.

*

ಹನ್ನೆರಡಾಯಿತು. ಹೆಣದ ಮೈಮೇಲೆ ಸಣ್ಣಗೆ ಹನಿ ಕೂತು, ಒರೆಸಿದಷ್ಟೂ ಮತ್ತೆ ಕೂರುತ್ತಿತ್ತು. ಚಿಕ್ಕಮುನಿಯಪ್ಪ ಒಂದು ಕಡೆ, ಶಿವಯೋಗಿ ಒಂದು ಕಡೆ. ಒದ್ದೆಯಾದ ಟವಲುಗಳನ್ನು ಕೋಕಿಲಾ ಮಹಡಿಯ ಮೇಲೆ ಬಿಸಿಲಿಗೆ ಹಾಕಿ, ಒಣಗಿದವನ್ನು ತಂದುಕೊಡುತ್ತಿದ್ದಳು. ಅರ್ಧ ಗಂಟೆಗೊಮ್ಮೆ ಚಿಕ್ಕಮುನಿಯಪ್ಪ ಮುಟ್ಟಿ ನೋಡುತ್ತಿದ್ದ. ಎರಡು ಸಲ ಶಿವಯೋಗಿ ಮಂಡಿಯನ್ನು ಒತ್ತಲು ಹೋದ. ಎರಡು ಸಲವೂ ಚಿಕ್ಕಮುನಿಯಪ್ಪ ಅವನ ಕೈ ಹಿಡಿದು ಬದಿಗಿಟ್ಟ.

"ರುದ್ರಭೂಮಿಲಿ ಆರು ಗಂಟೆಗೆ ಗೇಟ್ ಹಾಕ್ತಾರೆ ಅಂಕಲ್. ಐದೂವರೆಗಾದ್ರೂ ಅಲ್ಲಿರ್ಬೇಕು. ಮಂಟಪದ ಟೆಂಪೋಗೆ ನಾಲ್ಕು ಗಂಟೆ ಅಂದಿದೀನಿ."

"ಗೊತ್ತು ಕಣಪ್ಪ."

"ಆಗ್ದಿದ್ರೆ?"

"ಆಗ್ದಿದ್ರೆ ಅಯ್ಯನೋರು ಹೇಳಿದಂಗೆ. ಆದ್ರೆ ಈಗ್ಲೇ ಒತ್ತಿ ಕೆಡಿಸೋದು ಬೇಡ."

ಆಗ ಚಿಕ್ಕಮುನಿಯಪ್ಪನ ಮೊಬೈಲು ರಿಂಗಾಯಿತು. ಎದ್ದು ಹೊರಗೆ ಹೋಗಿ ಮಾತಾಡಿ ಬಂದ. "ವಚನಾ ಮೇಡಂದು. ನಿಮ್ಮಪ್ಪ ಸೋಮವಾರ ಶುರು ಮಾಡಿದ ಬ್ಯಾಚ್ ಇನ್ನೂ ಓಡ್ತಾ ಇದೆ. ಬಿಟ್ಟು ಬರೋ ಹಂಗಿಲ್ಲ. ನೀವು ಹೋಗಿ, ನಾನು ನೋಡ್ಕೋತೀನಿ ಅಂತ ಅವರೇ ನಿಂತಿದಾರೆ."

"ಆ ಪೌಡರ್ ಮಷೀನಿನ ಮೇಡಮ್ಮಾ? ಅಪ್ಪನ್ನ ಮನೆಗೆ ಕಳಿಸ್ಬೇಕು ಅಂತಿದ್ರಲ್ಲ?"

"ಮೊದಮೊದಲು ಹಂಗೇ ಇತ್ತು," ಎಂದ ಚಿಕ್ಕಮುನಿಯಪ್ಪ.

*

ವಚನಾ ಕಾರ್ಖಾನೆಗೆ ಬಂದದ್ದು ಎರಡು ವರ್ಷದ ಹಿಂದೆ, ಎರಡು ಸಾವಿರದ ಆರರಲ್ಲಿ. ಜೊತೆಗೆ ಆಳೆತ್ತರದ ಹೊಸ ಮಷೀನೂ ಬಂತು. ಮೇಲಿನಿಂದ ಮದ್ದನ್ನು ಮಂಜಿನ ಹಾಗೆ ಸಿಂಪಡಿಸಿ, ಬಿಸಿಗಾಳಿ ಬಿಟ್ಟರೆ, ಹನಿ ಕೆಳಗೆ ಬೀಳುವಷ್ಟರಲ್ಲಿ ಒಣಗಿ ಪುಡಿಯಾಗುತ್ತದೆ. ಮೂರು ದಿನದ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ. ಹಳೆಯ ಮಷೀನುಗಳನ್ನು ಗುಜರಿಗೆ ಹಾಕುವ ಮಾತು ಮೇಲಿನವರ ಬಾಯಲ್ಲಿ ಆಗಲೇ ಓಡಾಡುತ್ತಿತ್ತು.

"ನಿಮ್ಮ ಬಿಲ್ಲೆ ಕರಗೋಕೆ ಎಷ್ಟು ಹೊತ್ತು ಬೇಕು ಗೊತ್ತಾ ಸಾರ್?" ಎಂದು ವಚನಾ ಕೇಳಿದ್ದಳು. "ಆಸ್ಪತ್ರೇಲಿ ನೀರು ಹಾಕಿ ಇಪ್ಪತ್ತು ನಿಮಿಷ ತಿರುಗಿಸ್ತಾ ಕೂರ್ತಾರೆ. ಅಷ್ಟೊತ್ತೂ ಕಚ್ಚಿಸಿಕೊಂಡವನು ಪಕ್ಕದಲ್ಲಿ ಒದ್ದಾಡ್ತಿರ್ತಾನೆ. ಕಾಳೆಲ್ಲ ಒಂದೇ ಅಳತೇಲಿ ಸಣ್ಣಗಿದ್ರೆ ಎರಡೇ ನಿಮಿಷ."

ಚನ್ನಮಲ್ಲಪ್ಪನಿಗೆ ಇದು ಗೊತ್ತಿರಲಿಲ್ಲ. ಮೂವತ್ತು ವರ್ಷ ಮಾಡಿದ ಮದ್ದು ಕೊನೆಗೆ ಇಪ್ಪತ್ತು ನಿಮಿಷ ಯಾರನ್ನೋ ಕಾಯಿಸುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಂದು ಅವನು ಊಟಕ್ಕೆ ಹೋಗಲಿಲ್ಲ. ಮರುದಿನದಿಂದ ತನ್ನ ಪಾಳಿ ಮುಗಿದ ಮೇಲೆ ಅವಳ ಮಷೀನಿನ ಮುಂದೆ ಹೋಗಿ ನಿಲ್ಲತೊಡಗಿದ.

ಮಷೀನು ಹೇಳಿದ ಮಾತು ಕೇಳಲಿಲ್ಲ. ಗಾಳಿಯ ಬಿಸಿ ಹೆಚ್ಚಿಸಿದರೆ ಮದ್ದಿನ ಕಸುವು ಹೋಗುತ್ತಿತ್ತು, ತಗ್ಗಿಸಿದರೆ ಪುಡಿ ಒಳಗೋಡೆಗೆ ಅಂಟುತ್ತಿತ್ತು. ಮಳೆಗಾಲದ ಒಂದು ದಿನ ಡಬ್ಬಿ ತೆಗೆದರೆ ಪುಡಿಯೆಲ್ಲ ಗಟ್ಟಿಯಾಗಿ ಕಡಲೆಕಾಯಿ ಇಲ್ಲದ ಚಿಕ್ಕಿ. ವಚನಾ ಅಲ್ಲೇ ನೆಲದ ಮೇಲೆ ಕೂತು ಅತ್ತಳು.

"ಅಳಬೇಡಿ ಮೇಡಂ," ಎಂದ ಚನ್ನಮಲ್ಲಪ್ಪ. "ಕಚ್ಚಿಸಿಕೊಂಡೋನಿಗೆ ಅವಸರ ಇರುತ್ತೆ. ಮಾಡೋ ನಮಗೆ ಇರಬಾರದು. ನಿಮ್ಮ ಮಷೀನಿಗೆ ಹನಿ ಮಾಡಕ್ಕೆ ಬರುತ್ತೆ, ಒಣಗ್ಸಕ್ಕೆ ಬರಲ್ಲ. ನಂದಕ್ಕೆ ಒಣಗ್ಸಕ್ಕೆ ಬರುತ್ತೆ, ಹನಿ ಮಾಡಕ್ಕೆ ಬರಲ್ಲ. ನೀವು ಹನಿ ಮಾಡಿ ಹಂಗೇ ಹೆಪ್ಪುಗಟ್ಟಿಸಿ ಕೊಡಿ. ನಾನು ಒಣಗಿಸಿಕೊಡ್ತೀನಿ."

ಹಾಗೆ ಮಾಡುವವರು ದೂರದ ದೇಶಗಳಲ್ಲಿ ಇದ್ದಾರೆಂದು ವಚನಾ ಓದಿದ್ದಳು. ಆದರೆ ಓದಿದವಳಿಗೆ ಹೊಳೆಯದಿದ್ದುದು ನಿಂತವನಿಗೆ ಹೊಳೆದಿತ್ತು. ಹದಿನೆಂಟು ತಿಂಗಳು ಹದ ಕೂಡಲಿಲ್ಲ. ಕಳೆದ ಸೋಮವಾರ ಸಾಬಕ್ಕಿಯ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿದ ಕಾಳುಗಳ ತಟ್ಟೆಯನ್ನು ಚನ್ನಮಲ್ಲಪ್ಪ ತನ್ನ ಮಷೀನಿಗೆ ತಳ್ಳಿ ಬಾಗಿಲು ಹಾಕಿದ. ಮಂಗಳವಾರ ಸಂಜೆ ಮನೆಗೆ ಬಂದು ಸ್ಟೂಲಿನ ಮೇಲೆ ಕೂತ.

*

ಎರಡೂವರೆಗೆ ಶಿಲ್ಪಾ ಬಂದಳು. ಸಿಟಿ ಸ್ಟೇಷನ್ನಿನಿಂದ ಆಟೋದಲ್ಲಿ ಬಂದವಳು ಬ್ಯಾಗು ಬೀದಿಯಲ್ಲೇ ಬಿಟ್ಟು ಓಡಿಬಂದು ಅಪ್ಪನ ಎದೆಯ ಮೇಲೆ ಬಿದ್ದಳು. ಬಿದ್ದವಳು ಬೆಚ್ಚಿ ತಲೆ ಎತ್ತಿದಳು.

"ಎಷ್ಟು ತಣ್ಣಗಿದಾರೆ ಅಣ್ಣಾ!"

"ನಾನೇ," ಎಂದ ಶಿವಯೋಗಿ. "ನಿನಗೆ ಮುಖ ತೋರಿಸ್ಬೇಕು ಅಂತ." ತಂಗಿಯ ಮೇಲೆ ಹೊರಿಸಿದ ಹಾಗಾಯಿತೇನೋ ಎಂದು ನಾಚಿಕೆಯಾಗಿ ಹಿತ್ತಿಲಿಗೆ ಎದ್ದು ಹೋದ.

ಚಿಕ್ಕಮುನಿಯಪ್ಪ ಹಿಂದೆಯೇ ಬಂದು ಒಗೆಯುವ ಕಲ್ಲಿನ ಮೇಲೆ ಕೂತ. ಬೆಳಗಿನಿಂದ ನೆಲದ ಮೇಲೆ ಕೂತು ಕೂತು ಅವನ ಸೊಂಟ ಹಿಡಿದುಕೊಂಡಿತ್ತು.

"ನನಗೆ ಸಾಕಾಗೋಯ್ತು ಅಂಕಲ್," ಎಂದ ಶಿವಯೋಗಿ. "ಜೀವನ ಪೂರ್ತಿ ಇವರಿಗೆ ಕಾದಿದೀನಿ. ಸ್ಕೂಲ್ ಗೇಟಲ್ಲಿ ಕಾದಿದೀನಿ, ಮದುವೆ ಛತ್ರದಲ್ಲಿ ಕಾದಿದೀನಿ. ಇವತ್ತೂ ಕಾಯಿಸ್ತಾ ಇದಾರೆ. ಒಂದು ಸಲಾನೂ, ಒಂದೇ ಒಂದು ಸಲಾನೂ ಟೈಮಿಗೆ ಬಂದಿಲ್ಲ."

"ಬಂದಿದ್ರು. ನಿನ್ನ ದೀಕ್ಷೆಗೆ."

ಶಿವಯೋಗಿ ಯೋಚಿಸಿದ. ಎಂಟು ವರ್ಷದವನಿದ್ದಾಗಿನ ಮಾತು. ಹನ್ನೊಂದು ಗಂಟೆಯ ಮುಹೂರ್ತ. ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ತನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡದ್ದು, ಕೊರಳಿಗೆ ಲಿಂಗ ಬಿದ್ದಾಗ ಅಪ್ಪನ ಕೈ ಬೆನ್ನ ಮೇಲಿದ್ದದ್ದು ನೆನಪಿತ್ತು.

"ಹೌದು. ಬಂದಿದ್ರು."

"ಹೆಂಗೆ ಬಂದ್ರು ಅಂತ ಗೊತ್ತಾ? ಅದನ್ನ ಅವರು ಮನೇಲಿ ಹೇಳಿರಲ್ಲ. ನಿಮ್ಮಮ್ಮಂಗೂ ಗೊತ್ತಿಲ್ಲ."

*

ಸಾವಿರದ ಒಂಬೈನೂರ ಎಂಬತ್ತಾರು. ಬ್ಯಾಚಿನ ಮೂರನೆಯ ದಿನ. ಬೆಳಗಿನ ಪಾಳಿಯವನು ಬರಲಿಲ್ಲ. ಏಳಾಯಿತು, ಎಂಟಾಯಿತು. ಮಷೀನು ಇನ್ನೂ ಐದು ಗಂಟೆ ಓಡಬೇಕಿತ್ತು. ಚನ್ನಮಲ್ಲಪ್ಪ ಕಿಂಡಿಯಿಂದ ನೋಡಿದ. ಎಲ್ಲ ಬೆಳ್ಳಗೆ ಕಂಡಿತು. ಆಗಿರಬಹುದು ಎಂದುಕೊಂಡ. ಶಾಖ ಏರಿಸಿದ. ಒಂಬತ್ತಕ್ಕೆ ಬಾಗಿಲು ತೆಗೆಯದೆಯೇ ಮಷೀನು ನಿಲ್ಲಿಸಿ ಬಸ್ಸು ಹತ್ತಿದ.

ಮಧ್ಯಾಹ್ನ ವಾಪಸು ಬಂದಾಗ ಪಂಚೆಯ ಮೇಲೆ ಇನ್ನೂ ವಿಭೂತಿ ಇತ್ತು. ಬಾಗಿಲು ತೆಗೆದಿದ್ದರು. ಎರಡು ಸಾವಿರದ ನಾನೂರು ಬಾಟಲಿಯ ತಳದಲ್ಲಿ ಕಂದು ಅಂಟು.

"ಕರೆಂಟ್ ಹೋಗಿತ್ತು ಅಂತ ಬರೀರಿ ಅಣ್ಣ, ಯಾರಿಗೂ ಗೊತ್ತಾಗಲ್ಲ," ಎಂದ ಚಿಕ್ಕಮುನಿಯಪ್ಪ.

ಚನ್ನಮಲ್ಲಪ್ಪ ಬ್ಯಾಚಿನ ಪುಸ್ತಕ ತೆಗೆದು, 'ನನ್ನ ಅವಸರದಿಂದ ಕೆಟ್ಟಿದೆ' ಎಂದು ಬರೆದು ಸಹಿ ಹಾಕಿದ.

ಶಿಕ್ಷೆಯೆಂದು ಮೂರು ತಿಂಗಳು ಕುದುರೆ ಲಾಯಕ್ಕೆ ಹಾಕಿದರು. ಅಲ್ಲಿ ಹುಲ್ಲು ಹಾಕುವುದು, ಲದ್ದಿ ಬಾಚುವುದು, ರಕ್ತ ತೆಗೆಯುವಾಗ ಕುದುರೆಯ ತಲೆ ಹಿಡಿದುಕೊಳ್ಳುವುದು ಅವನ ಕೆಲಸ. ಕುದುರೆಗಳು ಕೊರಳಿಗೆ ಸೂಜಿ ಚುಚ್ಚಿಸಿಕೊಂಡು ಅಲುಗದೆ ನಿಂತಿರುತ್ತಿದ್ದವು. ಚೀಲ ತುಂಬುವವರೆಗೂ ನಿಂತಿರುತ್ತಿದ್ದವು. ಒಂದು ಮುದಿ ಕಂದು ಕುದುರೆ ಅವನ ಭುಜದ ಮೇಲೆ ಗಲ್ಲ ಇಟ್ಟು ಕಣ್ಣು ಮುಚ್ಚುತ್ತಿತ್ತಂತೆ.

ಮತ್ತೆ ಮಷೀನಿಗೆ ಬಂದ ದಿನ ಅವನು ಕುರ್ಚಿಯನ್ನು ಎತ್ತಿ ಹೊರಗಿಟ್ಟ.

"ಯಾಕಣ್ಣ?"

"ಅವು ನಿಂತ್ಕೊಂಡೇ ಕೊಡ್ತವೆ ಮುನಿಯಪ್ಪ. ನಾವು ಕೂತ್ಕೊಂಡು ಹೆಂಗೆ ಮಾಡೋದು."

*

ಶಿವಯೋಗಿ ಕೊಳಾಯಿ ತಿರುಗಿಸಿ ಮುಖ ತೊಳೆದುಕೊಂಡ, ಮತ್ತೆ ತೊಳೆದುಕೊಂಡ. ಅಳು ನಿಲ್ಲಲಿಲ್ಲ. ಇಪ್ಪತ್ತೆರಡು ವರ್ಷ ಅಪ್ಪನ ಮೇಲೆ ಹಿಡಿದಿಟ್ಟುಕೊಂಡ ಸಿಟ್ಟು ಯಾರದ್ದೋ ಮನೆಯ ಸಾಮಾನಿನ ಹಾಗೆ ಅವನ ಕೈಯಲ್ಲಿ ಉಳಿದುಬಿಟ್ಟಿತ್ತು.

ಮೂರೂಮುಕ್ಕಾಲಿಗೆ ಟೆಂಪೋ ಬಂದು ಹಾರ್ನ್ ಹೊಡೆಯಿತು. ಗಿರಿರಾಜ್ ಒಳಗೆ ಬಂದು ಶಿವಯೋಗಿಯ ಮುಖ ನೋಡಿದ.

"ಕಾಯಕ್ಕೆ ಹೇಳು," ಎಂದ ಶಿವಯೋಗಿ.

"ಗೇಟ್ ಹಾಕ್ತಾರಲ್ಲೋ?"

"ಹಾಕಿದ್ರೆ ತೆಗೆಸೋಣ. ಕಾಯಕ್ಕೆ ಹೇಳು."

ನಾಲ್ಕೂಕಾಲಿಗೆ ಚಿಕ್ಕಮುನಿಯಪ್ಪ ಮತ್ತೊಮ್ಮೆ ಮುಟ್ಟಿ ನೋಡಿದ. ಮೈಮೇಲೆ ಹನಿ ಕೂರುವುದು ನಿಂತಿತ್ತು. ಅವನು ಗೆಳೆಯನ ಕೈಬೆರಳುಗಳನ್ನು ಒಂದೊಂದಾಗಿ ನೀವಿದ, ಮೊಣಕೈ ನೀವಿದ, ಭುಜ ನೀವಿದ. ಆಮೇಲೆ ಒಂದು ಕೈಯನ್ನು ಮಂಡಿಯ ಕೆಳಗೆ ಹಾಕಿ, ಇನ್ನೊಂದರಿಂದ ಹಿಮ್ಮಡಿ ಹಿಡಿದು, ಮಲಗಿದ ಮಗುವಿನ ಕಾಲು ಎತ್ತುವಷ್ಟೇ ಮೆತ್ತಗೆ ಎತ್ತಿದ. ಮಂಡಿ ಒಂದಿಷ್ಟು ಬಾಗಿತು. ಬಿಟ್ಟ. ನೀವಿದ. ಮತ್ತೆ ಎತ್ತಿದ. ಇನ್ನೊಂದಿಷ್ಟು ಬಾಗಿತು.

"ಇನ್ನೊಂದು ಕಾಲು ನೀನು ಮಾಡಪ್ಪ. ಒತ್ತಬೇಡ. ಅದು ಕೊಟ್ಟಷ್ಟು ತಗೋ."

ಶಿವಯೋಗಿ ಅಪ್ಪನ ಎಡಗಾಲು ಹಿಡಿದುಕೊಂಡ. ಗಂಟು ಕಟ್ಟಿದ ನರಗಳು ಅಂಗೈಗೆ ಸಿಕ್ಕವು. ಅವನ್ನು ಅವನು ಹಿಂದೆಂದೂ ಮುಟ್ಟಿರಲಿಲ್ಲ. ಕೊಟ್ಟಷ್ಟೇ ತೆಗೆದುಕೊಂಡ. ಇಪ್ಪತ್ತು ನಿಮಿಷವಾಯಿತು. ಹೊರಗೆ ಟೆಂಪೋದವನು ಎರಡು ಸಲ ಹಾರ್ನ್ ಹೊಡೆದ. ಯಾರೂ ತಲೆ ಎತ್ತಲಿಲ್ಲ.

ಮಂಡಿ ಮಡಚಿತು. ಸೊಂಟ ಬಾಗಿತು. ನಾಲ್ಕು ಜನ ಹಿಡಿದು ಗೋಡೆಗೆ ಒರಗಿಸಿದರು. ಚನ್ನಮಲ್ಲಪ್ಪ ಕೂತ.

ದಾನಮ್ಮ ಹತ್ತಿರ ಬಂದಳು. ಗಂಡನ ಮಂಡಿಯ ಮೇಲೆ ಕೈಯಿಟ್ಟು, "ಕೂತ್ಕೊಂಡ್ರಾ?" ಎಂದಳು. ಅಷ್ಟೊತ್ತಿನವರೆಗೂ ಬಾರದಿದ್ದ ಅಳು ಆಗ ಬಂತು. ಕಲ್ಯಾಣಮ್ಮ ಅವಳನ್ನು ತಬ್ಬಿಕೊಂಡರು. ತಬ್ಬಿಕೊಂಡೇ ಚಿಕ್ಕಮುನಿಯಪ್ಪನ ಕಡೆ ತಿರುಗಿ, "ಬೆಳಗಿಂದ ಏನೂ ತಿಂದಿಲ್ಲ ನೀವು. ಒಂದು ಲೋಟ ಕಾಫಿನಾದ್ರೂ ಕುಡೀರಪ್ಪ" ಎಂದರು.

ಗುರುಸಿದ್ದಯ್ಯನವರು ಮೈಗೆಲ್ಲ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆ ಏರಿಸಿ ಮಂತ್ರ ಹೇಳಿದರು. ಅವರ ದನಿಯೂ ದಣಿದಿತ್ತು. ಐದಕ್ಕೆ ಮಂಟಪ ಹೊರಟಿತು. ಮಾಗಡಿ ರಸ್ತೆಯ ಸಂಜೆಯ ಗದ್ದಲದಲ್ಲಿ ಬಸ್ಸು, ಆಟೋ, ಲಾರಿಗಳ ನಡುವೆ ಹೂವಿನ ಮಂಟಪದಲ್ಲಿ ಕೂತ ಚನ್ನಮಲ್ಲಪ್ಪ ಪ್ರತಿ ಸಿಗ್ನಲ್ಲಿನಲ್ಲೂ ನಿಂತು ನಿಂತು ಹೋದ. ರುದ್ರಭೂಮಿ ಸೇರಿದಾಗ ಆರಕ್ಕೆ ಐದು ನಿಮಿಷ ಬಾಕಿ. ಗೇಟು ಕಾಯುವವನು ಗಡಿಯಾರ ನೋಡಿದ, ಕೂತವನನ್ನು ನೋಡಿದ, ಆಗಲೇ ಅರ್ಧ ಮುಚ್ಚಿದ್ದ ಗೇಟನ್ನು ತೆರೆದ.

ಗುಂಡಿಯೊಳಗೆ ಶಿವಯೋಗಿಯೂ ಇಳಿದ. ಪಕ್ಕದ ಗೋಡೆಯಲ್ಲಿ ಕೊರೆದಿದ್ದ ಗೂಡಿನೊಳಗೆ ಅಪ್ಪನನ್ನು ಕೂರಿಸಿದರು. ಸೆಟೆತವೆಲ್ಲ ಹೋಗಿದ್ದರಿಂದ ಈಗ ತಲೆ ನಿಲ್ಲದೆ ಮುಂದಕ್ಕೆ ವಾಲುತ್ತಿತ್ತು. ಶಿವಯೋಗಿ ಗಲ್ಲದ ಕೆಳಗೆ ಅಂಗೈ ಕೊಟ್ಟು ಎತ್ತಿ ಹಿಡಿದ. ಮೇಲಿನಿಂದ ವಿಭೂತಿ ಬಿತ್ತು, ಪತ್ರೆ ಬಿತ್ತು, ಆಮೇಲೆ ಮಣ್ಣು. ಮಣ್ಣು ಮಡಿಲು ತುಂಬಿತು. ಲಿಂಗ ಹಿಡಿದ ಕೈ ಮುಚ್ಚಿತು. ಎದೆಯವರೆಗೆ ಬಂತು. ಭುಜದವರೆಗೆ ಬಂತು.

"ಸಾಕು ಸಾರ್, ಕೈ ತಗೊಂಡು ಮೇಲೆ ಬನ್ನಿ," ಎಂದ ಗುಂಡಿ ತೋಡುವವನು. "ಕತ್ತಲಾಗ್ತಾ ಇದೆ."

ಶಿವಯೋಗಿ ಅಂಗೈಯನ್ನು ಒಂದು ಎಳೆಯಷ್ಟು ಸಡಿಲಿಸಿ ನೋಡಿದ. ತಲೆ ಮುಂದಕ್ಕೆ ಬಂತು. ಮತ್ತೆ ಎತ್ತಿ ಹಿಡಿದ.

"ಇನ್ನೂ ಇಲ್ಲ," ಎಂದ.

ಗುಂಡಿ ತೋಡುವ ಇಬ್ಬರೂ ಮುಖಮುಖ ನೋಡಿಕೊಂಡು ಸನಿಕೆಯನ್ನು ಬದಿಗಿಟ್ಟು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಒಬ್ಬ ಬೊಗಸೆಯಲ್ಲಿ ಮಣ್ಣು ತೆಗೆದುಕೊಂಡು ಬಗ್ಗಿ ಸ್ವಲ್ಪಸ್ವಲ್ಪವೇ ಬಿಡತೊಡಗಿದ. ಮಣ್ಣು ಅಪ್ಪನ ಕೊರಳ ಸುತ್ತ ಕೂತು, ಗಲ್ಲದ ಕೆಳಗೆ ಚಾಚಿದ್ದ ಮಗನ ಮುಂಗೈಯನ್ನು ಮುಚ್ಚಿ, ಮೊಣಕೈಯತ್ತ ಏರುತ್ತಿತ್ತು.